ಅರ್ಧ ಮೀಸೆಯ ಪಂತ

ಕ್ಷೌರದಂಗಡಿಯ ದೊಡ್ಡಣ್ಣನ ಬಲಗೈ ನಡುಗುವುದು ಮೊದಲು ಕಂಡದ್ದು ಗಿರಾಕಿಗಳಿಗಲ್ಲ, ಪಕ್ಕದ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡುತ್ತಿದ್ದ ಒಡಹುಟ್ಟಿದ ತಮ್ಮನಿಗೆ. ಕಂಡರೂ ಬಾಯಿ ಬಿಡಲಿಲ್ಲ. ಅಂಗಡಿ ತುಂಬಿದ್ದ ಒಂದು ಬೆಳಿಗ್ಗೆ, ಅಣ್ಣ ನೊರೆ ಹಚ್ಚಿ ಕತ್ತಿ ಎತ್ತುವುದನ್ನೇ ಕಾದಿದ್ದವನಂತೆ ಗಿರಾಕಿಯನ್ನು ಕೂಗಿದ.

"ಸ್ವಾಮಿ, ಈ ಕಡೆ ಬನ್ನಿ. ಅಣ್ಣನ ಕೈಗೆ ಕೊರಳು ಕೊಡೋದೂ ಒಂದೇ, ಗರಗಸಕ್ಕೆ ಕೊಡೋದೂ ಒಂದೇ."

ಕೂತವರೆಲ್ಲ ನಕ್ಕರು. ಗಿರಾಕಿ ನೊರೆ ಮುಖದಲ್ಲೇ ಎದ್ದು ತಮ್ಮನ ಕುರ್ಚಿಗೆ ಹೋದ.

"ಈ ನಡುಕ ನಿಲ್ಲತ್ತೆ ಕಣೋ," ಎಂದ ದೊಡ್ಡಣ್ಣ.

"ನಿಂತ್ರೆ, ಇದೇ ಕುರ್ಚೀಲಿ ಕೂತು ನಿನ್ನ ಕೈಯಿಂದ್ಲೇ ಅರ್ಧ ಮೀಸೆ ಬೋಳಿಸ್ಕೋತೀನಿ. ಎಲ್ರೂ ಕೇಳಿಸ್ಕೊಂಡ್ರಲ್ಲ?" ತಮ್ಮ ಹುರಿಮೀಸೆ ತೀಡಿದ.

ದೊಡ್ಡಣ್ಣ ಅಂಗಡಿ ಬಿಟ್ಟ. ಆ ಮಾತನ್ನು ಮಾತ್ರ ಬಿಡಲಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡವನಂತೆ ವರ್ಷಗಟ್ಟಲೆ ಬೆಂದ. ನಡುಕದ ಬೇರಾಗಿದ್ದ ಪಾರ್ಕಿನ್ಸನ್ ಕಾಯಿಲೆ ಎಡಗೈಗೂ ಕಾಲಿಗೂ ಹಬ್ಬಿತು. ಮಾತ್ರೆಯ ಬಲ ಇರುವಷ್ಟು ಹೊತ್ತು ಮನುಷ್ಯ. ಅದು ಇಳಿದರೆ ಹೊಸ್ತಿಲಲ್ಲಿ ನೆಟ್ಟ ಕಂಬ. ಬಾಯಿಗೆ ತುತ್ತಿಡುವವಳು ಹೆಂಡತಿ.

ಕಡೆಗೆ ಡಾಕ್ಟರಮ್ಮ ಮೂರು ದಾರಿಗಳನ್ನು ಬಿಡಿಸಿ ಹೇಳಿದರು. ಹೊಟ್ಟೆಗೆ ತೂತು ಮಾಡಿ, ಕರುಳಿಗೆ ನಳಿಕೆ ಇಟ್ಟು, ಪಂಪಿನಿಂದ ಔಷಧಿ ಹರಿಸುವುದು ಒಂದು. ತಲೆ ಕೊಯ್ಯದೆ ಶಬ್ದದ ಅಲೆಗಳಿಂದ ಮಿದುಳಿನ ಚುಕ್ಕೆಯಷ್ಟು ಜಾಗ ಸುಡುವುದು ಇನ್ನೊಂದು, ಸುಟ್ಟದ್ದು ಸುಟ್ಟಂತೆಯೇ. ಮೂರನೆಯದು, ಬುರುಡೆ ಕೊರೆದು ಮಿದುಳಿಗೆ ತಂತಿ ಇಳಿಸಿ ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವುದು.

"ನಿಮ್ಮ ಎರಡೂ ಕೈಗೆ ಇದೇ ವಾಸಿ. ಆದ್ರೆ ತಲೇಲಿ ರಕ್ತಸ್ರಾವ ಆಗೋ ಭಯ ಸ್ವಲ್ಪ ಇದೆ. ಮಾತೂ ಕುಗ್ಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ ನಿಮಗೇನು ಬೇಕು, ಅದನ್ನ ಹೇಳಿ."

"ಪಂಪೇ ಸಾಕು ಕಣ್ರೀ," ಹೆಂಡತಿ ಕಣ್ಣೊರೆಸಿಕೊಂಡಳು. "ಮಾತು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

ದೊಡ್ಡಣ್ಣ ತೂಗಿ ನೋಡಿದ. ತಮ್ಮನಿಗೆಂದು ಮಸೆದಿಟ್ಟ ಮಾತು ಬೇಕಾದಷ್ಟಿತ್ತು. ಆದರೆ ಪಂತ ಬಿದ್ದಿದ್ದು ಕೈಯ ಮೇಲೆ, ನಾಲಿಗೆಯ ಮೇಲಲ್ಲ.

"ನಂಗೆ ಕೈ ಬೇಕು, ಡಾಕ್ಟ್ರೇ."

ಆಪರೇಷನ್ ದಿನ ತಲೆ ಬೋಳಿಸಲು ಬಂದ ವಾರ್ಡಿನವನಿಗೆ, "ಕತ್ತೀನ ಓರೆಯಾಗಿ ಹಿಡಿಯಪ್ಪಾ, ಅದು ತಲೆ, ತೆಂಗಿನಕಾಯಲ್ಲ," ಎಂದ. ತಂತಿ ಇಳಿಸುವಾಗ ಎಚ್ಚರವಾಗಿಯೇ ಇಟ್ಟಿದ್ದರು. ಕೈ ಚಾಚಿ ಎಂದರು, ಚಾಚಿದ. ತಂತಿಗೆ ಕರೆಂಟು ಹರಿಸಿದೊಡನೆ ಬೆರಳುಗಳು ಸುಮ್ಮನಾದವು. ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಬಂದದ್ದು ದೇವರಲ್ಲ, ತಮ್ಮನ ಹುರಿಮೀಸೆ.

ಬ್ಯಾಟರಿಯ ಕರೆಂಟು ಹದಕ್ಕೆ ಬರಲು ತಿಂಗಳುಗಳು ಹಿಡಿದವು. ಕೈಯ ನಡುಕ ನಿಂತಿತು. ದನಿ ಪಿಸುಮಾತಿಗೆ ಇಳಿಯಿತು.

ಅಂಗಡಿ ತುಂಬಿರುವ ಹೊತ್ತು ನೋಡಿಯೇ ಹೆಂಡತಿಯ ಹೆಗಲು ಹಿಡಿದು ಒಳಗೆ ಬಂದ. ಜೇಬಿನಿಂದ ತನ್ನ ಹಳೆಯ ಕತ್ತಿ ತೆಗೆದು ಬಿಡಿಸಿ, ಕುರ್ಚಿ ತೋರಿಸಿದ.

"ಅಣ್ಣಾ, ಅದು ತಮಾಷೆಗೆ ಅಂದಿದ್ದು…"

"ಕೂತ್ಕೊಳ್ಳಯ್ಯಾ," ಎಂದ ಹಳೆಯ ಗಿರಾಕಿಯೊಬ್ಬ. "ಅವತ್ತು ನಮಗೆಲ್ಲ ಕೇಳಿಸಿತ್ತು."

ತಮ್ಮ ಕೂತ. ದೊಡ್ಡಣ್ಣ ನೊರೆ ಹಚ್ಚಿ, ಮೂಗಿನ ನೇರಕ್ಕೆ ಅಲಗಿಟ್ಟು, ಎಡಭಾಗವನ್ನು ನುಣ್ಣಗೆ ಬೋಳಿಸಿದ. ಒಂದು ಹನಿ ರಕ್ತ ಬರಲಿಲ್ಲ. ಅಂದಿಗಿಂತ ಜೋರಾಗಿ ನಕ್ಕರು ಕೂತವರು.

"ಇನ್ನರ್ಧಾನೂ ತೆಗ್ದುಬಿಡಣ್ಣಾ, ನಿನ್ನ ದಮ್ಮಯ್ಯ."

ದೊಡ್ಡಣ್ಣನ ತುಟಿ ಅಲುಗಿತು. ತಮ್ಮ ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೇ ತರಬೇಕಾಯಿತು.

"ಅದು ಪಂತದಲ್ಲಿ ಇರ್ಲಿಲ್ಲ."

ಕತ್ತಿ ಮಡಚಿ ಬಾಗಿಲಿಗೆ ಬಂದ ದೊಡ್ಡಣ್ಣ ತಿರುಗಿ ಕನ್ನಡಿ ನೋಡಿದ. ಉಳಿದದ್ದನ್ನು ತಾನೇ ಬೋಳಿಸಿಕೊಳ್ಳಲು ತಮ್ಮ ಕತ್ತಿ ಎತ್ತಿಕೊಂಡಿದ್ದ. ಅವನ ಕೈ ನಡುಗುತ್ತಿತ್ತು.