ಹೆಗಲಿನ ಪಾಲು

ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯ ದರ್ಜಿ ರಾಚಪ್ಪ ಕೋಟಿಗೆ ಅಳತೆ ತೆಗೆಯುತ್ತ, ನನ್ನ ಬಲ ಹೆಗಲು ಎಡ ಹೆಗಲಿಗಿಂತ ಅರ್ಧ ಇಂಚು ಇಳಿದಿದೆಯೆಂದು ಘೋಷಿಸಿದಾಗ, ಅಂಗಡಿಯ ಬೆಂಚಿನ ಮೇಲಿದ್ದ ನಾಲ್ವರೂ ಎದ್ದು ಬಂದು ನೋಡಿದರು. ಮನುಷ್ಯನಿಗೆ ತನ್ನ ಮುಖದ ದೋಷಗಳು ಕನ್ನಡಿಯ ಕೃಪೆಯಿಂದ ಪರಿಚಿತವಾಗಿರುತ್ತವೆ. ಹೆಗಲಿನ ದೋಷವನ್ನು ಮಾತ್ರ ಪರರ ಬಾಯಿಂದಲೇ ಕೇಳಬೇಕು. “ಒಳಗೆ ಒಂದೀಟು ಅತ್ತಿ ತುಂಬಿ ಸಮ ಮಾಡ್ತೀನಿ ಬುಡಿ ಮೇಷ್ಟ್ರೇ” ಎಂದು ರಾಚಪ್ಪ ಸಮಾಧಾನ ಹೇಳಿದ. ನನಗೇನೂ ಸಮಾಧಾನವಾಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಹೆಗ್ಗಡದೇವನಕೋಟೆಯ ಶಾಲೆಯಲ್ಲಿ ಪಾಠ ಹೇಳುವ ನಾನು ರಜೆಯ ದಿನಗಳಲ್ಲಿ ಪಕ್ಕದ ಹಳ್ಳಿಯ ಪಟೇಲರ ಬೇಟೆಗೆ ಜೊತೆಯಾಗುತ್ತಿದ್ದೆ. ರಾಗಿ ಹೊಲಕ್ಕೆ ಹಂದಿ ನುಗ್ಗಿತೆಂದರೆ ಪಟೇಲರು ಲೈಸೆನ್ಸಿನ ಕೋವಿಯನ್ನು ಗೋಡೆಯಿಂದಿಳಿಸುತ್ತಿದ್ದರು. ಒಮ್ಮೆ ನನ್ನ ಕೈಗೂ ಅದನ್ನು ಕೊಟ್ಟಿದ್ದುಂಟು. ನಾನು ಹೊಡೆದ ಗುಂಡಿನಿಂದ ನಿರಪರಾಧಿಯಾದ ಹೊಂಗೆಮರವೊಂದು ಗಾಯಗೊಂಡ ಮೇಲೆ, ಸರ್ವಾನುಮತದಿಂದ ಹೊರೆ ಹೊರುವ ಇಲಾಖೆಗೆ ನನಗೆ ವರ್ಗವಾಯಿತು. ಬಿದ್ದ ಹಂದಿಯನ್ನು ಹಳ್ಳದ ದಂಡೆಯಲ್ಲಿ ಹಸನು ಮಾಡಿ ಬಿದಿರಿನ ಗಳಕ್ಕೆ ಕಟ್ಟಿದರೆ, ಮುಂದಿನ ತುದಿಗೆ ನಾನು, ಹಿಂದಿನ ತುದಿಗೆ ಕಾಳಣ್ಣ. ಅರವತ್ತು ದಾಟಿದ ಕಾಳಣ್ಣ ಒಂದು ಕಾಲಕ್ಕೆ ಪೊದೆ ಬಡಿದು ಹಂದಿ ಎಬ್ಬಿಸುವುದರಲ್ಲಿ ನಿಸ್ಸೀಮ. ಮೊಣಕಾಲು ಕೈಕೊಟ್ಟ ಮೇಲೆ ಓಡಲಾರ, ಆದರೆ ನಿಧಾನವಾಗಿ ಹೊರಬಲ್ಲ. ನನ್ನ ಹೆಗಲು ಇಳಿದದ್ದು ಆ ಗಳದ ಕೆಳಗೆ.

ಆದ್ದರಿಂದ ಗಳಕ್ಕೆ ವಿದಾಯ ಹೇಳಲು ನಿಶ್ಚಯಿಸಿದೆ. ಹುಣಸೂರಿನಲ್ಲಿ, ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಸಾಮಾನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಚೌಕಟ್ಟುಗಳಿದ್ದವು. ಹೊರೆಯನ್ನು ಅದಕ್ಕೆ ಬಿಗಿದರೆ ಭಾರ ಎರಡೂ ಹೆಗಲಿಗೆ ಸಮನಾಗಿ ಹಂಚಿಹೋಗುತ್ತದೆ, ರಕ್ತ ಅಂಗಿಗೆ ಸೋಕುವುದಿಲ್ಲ. ಮೊದಲನೆಯದು ಹಗುರ, ಚರ್ಮದ ಪಟ್ಟಿ, ಸೊಂಟಕ್ಕೆ ಬೆಲ್ಟು, ಬೆಲೆ ಕೇಳಿದ್ದೇ ಕೈ ತಾನಾಗಿ ಹಿಂದೆ ಬಂತು. ಎರಡನೆಯದು ಮರದ್ದು, ಬಹಳ ಅಗ್ಗ. ಆದರೆ ನನಗಿಂತ ಮೊದಲೇ ಗೆದ್ದಲು ಅದನ್ನು ಮೆಚ್ಚಿಕೊಂಡಿತ್ತು. ಮೂರನೆಯದು ಕಬ್ಬಿಣದ್ದು, ಅಲ್ಲಲ್ಲಿ ತುಕ್ಕು. “ಇದನ್ನ ಒತ್ಕಂಡು ಸಿಪಾಯಿ ಬರ್ಮಾ ದಾಟವ್ನೆ ಕಣ್ರೀ!” ಎಂದ ಅಂಗಡಿಯವನು. ಅದರ ಪಟ್ಟಿಗಳನ್ನು ಸಿಪಾಯಿ ಬರ್ಮಾದಲ್ಲೇ ಬಿಟ್ಟು ಬಂದಿದ್ದನೆಂದು ಕಾಣುತ್ತದೆ. ಹಗ್ಗದಿಂದ ಉಪ್ಪಿನ ಮೂಟೆ ಕಟ್ಟಿಸಿಕೊಂಡು ಬೀದಿಯಲ್ಲಿ ಮೂರು ಸಲ ಶತಪಥ ಹಾಕಿದೆ. ಕಿರುಗುಟ್ಟಲಿಲ್ಲ, ಪಕ್ಕೆಗೆ ಒತ್ತಲಿಲ್ಲ. ಕೊಂಡುಬಿಟ್ಟೆ. ಮನೆಯಾಕೆ ಹಳೆಯ ಗೋಣಿಯಿಂದ ದಪ್ಪನೆಯ ಪಟ್ಟಿ ಹೊಲಿದುಕೊಡುತ್ತ, “ಇನ್ಮೇಲೆ ಸೌದೆನೂ ನೀವೇ ತತ್ತೀರಾ?” ಎಂದು ವಿಚಾರಿಸಿದಳು. ಜ್ಞಾನವಂತರು ಇಂಥ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮುಂದಿನ ಭಾನುವಾರ ಬಿದ್ದದ್ದು ಎಳೆಯ ಹಂದಿ. ಅಷ್ಟನ್ನೂ ಚೌಕಟ್ಟಿಗೆ ಬಿಗಿದು ನಾನೊಬ್ಬನೇ ಹೊತ್ತು, ಮೆರವಣಿಗೆಯ ಮದುಮಗನ ಗತ್ತಿನಲ್ಲಿ ಮುಂದೆ ನಡೆದೆ. ಕಾಳಣ್ಣ ಬರಿಯ ಗಳವನ್ನು ಊರಿಕೊಂಡು ಹಿಂದೆ ಬಂದ.

ಪಟೇಲರ ಅಂಗಳದಲ್ಲಿ ಮುತ್ತುಗದೆಲೆ ಹಾಸಿ ಪಾಲು ಹಾಕಿದರು. ಆ ಊರಿನ ಪದ್ಧತಿ ಖಚಿತವಾದದ್ದು: ಕೋವಿಗೊಂದು, ನಾಯಿಗೊಂದು, ಪೊದೆ ಬಡಿದವರಿಗೆ ಒಂದೊಂದು, ಹೊತ್ತ ಹೆಗಲಿಗೆ ಒಂದೊಂದು. ನನ್ನ ಎಲೆ ತುಂಬಿದ ಮೇಲೆ ಪಟೇಲರ ಕೈ ನಿಂತಿತು. ಅವರು ಕಾಳಣ್ಣನನ್ನು ನೋಡಿದರು, ಆಮೇಲೆ ನನ್ನ ಚೌಕಟ್ಟನ್ನು. ನಾನು ಗಡಿಬಿಡಿಯಿಂದ ನನ್ನ ಎಲೆಯನ್ನೇ ಕಾಳಣ್ಣನ ಮುಂದಕ್ಕೆ ಸರಿಸಿದೆ.

“ಬ್ಯಾಡಿ ಮೇಷ್ಟ್ರೇ. ಎಗ್ಲು ಕೊಡ್ದೇ ಇದ್ದೋನಿಗೆ ಯಾವ ಪಾಲು? ನಾಯಿಗೂ ಓಡಿದ್ರೇನೇ ಕೊಡೋದು” ಎಂದು ಕಾಳಣ್ಣ ಗಳ ಊರಿ ಎದ್ದು ಹೋದ.

ಅಂದಿನ ಸಾರು ಬಹಳ ರುಚಿಯಾಗಿತ್ತು. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು. ತೂಕ, ತುಕ್ಕು, ಬೆಲೆ, ಎಲ್ಲವನ್ನೂ ಪರೀಕ್ಷಿಸಿದ್ದ ನಾನು, ಚೌಕಟ್ಟು ಒಬ್ಬನೇ ಹೊರುವಂಥದ್ದು ಎಂಬುದನ್ನು ಗುಣವೆಂದೇ ಎಣಿಸಿದ್ದೆ. ಗಳಕ್ಕೆ ಎರಡು ಹೆಗಲು ಬೇಕು. ಕಾಳಣ್ಣ ಬೇಟೆಗಾರನಾಗಿ ಉಳಿದದ್ದು ಆ ಎರಡನೆಯ ಹೆಗಲಿನಿಂದ.

ಮರುವಾರ ಕಾಳಣ್ಣ ಬರಲಿಲ್ಲ. ನಾನೇ ಅವನ ಮನೆಗೆ ಹೋಗಿ, ಚೌಕಟ್ಟು ಮುರಿದುಹೋಯಿತು, ನೀನು ಬಾರದಿದ್ದರೆ ಹಂದಿ ಕಾಡಿನಲ್ಲೇ ಉಳಿಯುತ್ತದೆ ಎಂದೆ. ಅವನು ಎದ್ದು ಹೊರಗೆ ಬಂದ.

“ಕಬ್ಬುಣದ್ದು ಇಷ್ಟು ಬ್ಯಾಗ ಮುರ್ದೋಯ್ತಾ?”

“ಅಗ್ಗದ ಮಾಲು ಕಣಪ್ಪ.”

“ಅಂಗಾದ್ರೆ ನಡೀರಿ” ಎಂದು ಸೂರಿನಿಂದ ಗಳವನ್ನು ಎಳೆದುಕೊಂಡ.

ಆ ಮುರಿದ ಚೌಕಟ್ಟು ಈಗಲೂ ಗಟ್ಟಿಮುಟ್ಟಾಗಿದೆ. ಮನೆಯಾಕೆಯ ಇಚ್ಛೆಯಂತೆ ಅದರಲ್ಲಿ ಸೌದೆ ಬರುತ್ತದೆ, ನನ್ನ ಬೆನ್ನ ಮೇಲೆ. ಒಮ್ಮೆ ದಾರಿಯಲ್ಲಿ ಕಾಳಣ್ಣ ಎದುರಾದ. ಮಳೆಯ ವಿಷಯ ಮಾತಾಡಿದ. ನನ್ನ ಬೆನ್ನ ಕಡೆಗೆ ಮಾತ್ರ ಕಣ್ಣು ಹಾಯಿಸಲಿಲ್ಲ.

ಈ ವರ್ಷ ಮತ್ತೆ ಕೋಟು ಹೊಲಿಸಲು ಹೋದೆ. ರಾಚಪ್ಪ ಟೇಪು ಹಿಡಿದು, “ಇನ್ನೂ ಕಾಲಿಂಚು ಇಳ್ದದೆ ಮೇಷ್ಟ್ರೇ. ಓದ್ವಾರ ಕಾಳಣ್ಣಂಗೆ ಅಂಗಿ ಒಲ್ದೆ, ಅವನ ಬಲ ಎಗ್ಲೂ ಇಷ್ಟೇ ಇಳ್ದಿತ್ತು. ಅತ್ತಿ ತುಂಬ್ಲಾ?” ಎಂದ.

“ಬೇಡ ರಾಚಪ್ಪ, ಇದ್ದ ಹಾಗೇ ಹೊಲಿ” ಎಂದೆ.