ತುಂಬೆ ಪಾತಿ ಬರಿದಾದ ಬೆಳಗು

ನಾನು ಆರನೇ ತರಗತಿಗೇ ಶಾಲೆ ಬಿಟ್ಟವನು. ಆದರೆ ಪಾತಿ ಕಟ್ಟುವುದರಲ್ಲಿ ಸಾದಲಿ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂದು ಈಗಲೂ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳು. ನಮ್ಮ ಸಿಹಿಗುಂಬಳದ ಬಳ್ಳಿ ತುಂಬ ಹೂವು. ಕಾಯಿ ಮಾತ್ರ ಕಚ್ಚುತ್ತಿರಲಿಲ್ಲ. ಬೆಳಗಾದರೆ ನಾನೂ ನನ್ನ ಹೆಂಡತಿಯೂ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರುತ್ತ ಸೊಂಟ ಬೀಳಿಸಿಕೊಳ್ಳುತ್ತಿದ್ದೆವು. ಅದು ಜೇನಿನ ಕೆಲಸ. ಬದುವಿನ ಗಿಡಗಂಟಿ ಕಡಿದು ಬೋಳು ಮಾಡಿದ ಮೇಲೆ ಜೇನು ಯಾಕೆ ಬಂದೀತು?

ಜೇನು ಬರಲೆಂದು ಹೊಲದ ಅಂಚಿನಲ್ಲಿ ಹೂವಿನ ಪಾತಿ ಕಟ್ಟಿದೆ. ಎತ್ತರಕ್ಕೆ ಹೋಗುವ ತಂಗಡಿ, ಲಕ್ಕಿ ಹಿಂದಕ್ಕೆ. ಅದರ ಮುಂದೆ ನಾಯಿತುಳಸಿ. ಕುಂಬಳದ ಪಕ್ಕಕ್ಕೆ ತುಂಬೆ. ಮಣ್ಣಿನಲ್ಲಿ ತೂತು ಕೊರೆದು ಗೂಡು ಮಾಡುವ ಜೇನಿನಂಥ ಸಣ್ಣ ಹುಳಗಳಿಗೆಂದು ಒಂದಿಷ್ಟು ಜಾಗ ಬರಿದೇ ಬಿಟ್ಟೆ.

ಜಮೀನು ನಮ್ಮಣ್ಣನದೂ ಹೌದು. ಅವನು ನೋಡಿ ನಕ್ಕ. "ಲೋ, ಕಳೆಗೆ ಪಾತಿ ಕಟ್ಟಿ ನೀರು ಬಿಡೋನ್ನ ನಿನ್ನೊಬ್ಬನ್ನೇ ಕಣೋ ನೋಡಿದ್ದು. ಈ ಸಲಾನೂ ಕಾಯಿ ಕಚ್ಚದಿದ್ರೆ ಇದನ್ನೆಲ್ಲ ಕಿತ್ತಾಕಿ ಹಿಪ್ಪುನೇರಳೆ ಕಡ್ಡಿ ನೆಡ್ತೀನಿ."

"ನೆಡಣ್ಣ," ಅಂದೆ. ಸೋಲುವವನಲ್ಲ ನಾನು.

ಜೇನೇನೋ ಬಂತು. ಎಲ್ಲವೂ ತುಂಬೆಯ ಮೇಲೇ. ಕುಂಬಳದ ಹೂವು ಬೆಳಗ್ಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತಿತ್ತು.

"ಊಟ ಅಲ್ಲಿಕ್ಕಿ ಕೆಲಸ ಇಲ್ಲಿ ಮಾಡು ಅಂದ್ರೆ ಯಾರಪ್ಪ ಮಾಡ್ತಾರೆ?" ಅಂದ ಅಣ್ಣ.

ಅಷ್ಟರಲ್ಲಿ ಶಿವರಾತ್ರಿ. ಬೆಳಕು ಹರಿಯುತ್ತಲೇ ಊರ ಹೆಂಗಸರು ತಟ್ಟೆ ಹಿಡಿದು ತುಂಬೆ ಹೂವಿಗೆ ಬಂದರು. ನಾನು ಅಡ್ಡ ನಿಂತೆ.

"ಶಿವನಿಗೆ ನಾಲ್ಕು ಹೂವು ಕಿತ್ಕೊಂಡ್ರೆ ನಿನ್ ಗಂಟೇನು ಹೋಗ್ತದಪ್ಪ?" ಅಂದಳು ಪಕ್ಕದ ಹೊಲದ ಅಜ್ಜಿ.

ನನ್ನ ಹೆಂಡತಿ ಮೆಲ್ಲಗೆ, "ಹಬ್ಬದ ದಿನ ಬರಿಗೈಲಿ ಕಳಿಸ್ತೀರಾ?" ಅಂದಳು. ಪಕ್ಕಕ್ಕೆ ಸರಿದೆ. ಬೆಳ್ಳಗಿದ್ದ ಪಾತಿ ನೋಡುನೋಡುತ್ತ ಹಸಿರಾಯಿತು.

ಹೆಂಗಸರು ಹೋದ ಮೇಲೆ ಒಂದು ಜೇನು ಬಂತು. ಬರಿದಾದ ತುಂಬೆಯ ಮೇಲೆ ಒಂದೆರಡು ಸುತ್ತು ಹಾಕಿತು. ಆಮೇಲೆ ಪಾತಿಯ ಪಕ್ಕದ ನೀರಿನ ಕಾಲುವೆ ದಾಟಿ ಕುಂಬಳದ ಹೂವಿನೊಳಗೆ ಇಳಿಯಿತು. ಬೆನ್ನಿಗೆಲ್ಲ ಹಳದಿ ಹುಡಿ ಮೆತ್ತಿಕೊಂಡು ಹೊರಬಂದು ಪಕ್ಕದ ಹೂವಿಗೆ ಹೊಕ್ಕಿತು. ಅದರ ಹಿಂದೆ ಇನ್ನಷ್ಟು. ಅಣ್ಣನನ್ನು ಕೂಗಿ ಕರೆದೆ.

ಅವನು ಬಂದು ಬಳ್ಳಿಯ ಮೇಲೆ ಬಗ್ಗಿ ನೋಡಿದ. "ಊರೆಲ್ಲ ಉಪವಾಸ, ಇವಕ್ಕೆ ಮಾತ್ರ ಹಬ್ಬದೂಟ," ಅಂದ.

ಹೆಂಗಸರು ಹೂವನ್ನಷ್ಟೇ ಬಿಡಿಸಿದ್ದರು, ಮೊಗ್ಗಿನ ಗೊಂಚಲು ಹಾಗೇ ಇತ್ತು. ಮಾರನೇ ದಿನ ತುಂಬೆ ಮತ್ತೆ ಬೆಳ್ಳಗಾಯಿತು. ಹೂವು ಬಿಡಿಸಿಕೊಳ್ಳಲು ನಾನೇ ಹೋಗಿ ಅಜ್ಜಿಯನ್ನು ಕರೆದೆ.

"ನಿನ್ನೆ ಅಡ್ಡ ನಿಂತೋನು ಇವತ್ತು ಮನೆಗೆ ಬಂದು ಕರೀತಾವ್ನೆ ನೋಡ್ರೇ," ಅಂತ ಎಲ್ಲರನ್ನೂ ನಗಿಸಿಕೊಂಡೇ ಬಂದಳು. ಕುಂಬಳ ಹೂವು ಬಿಡುವಷ್ಟು ದಿನವೂ ನಮ್ಮ ತುಂಬೆ ಊರ ದೇವರ ಮನೆಗಳಿಗೆಲ್ಲ ಹೋಯಿತು.

ಮಿಡಿಗಳು ಉದುರದೆ ನಿಂತವು. ಕಾಯಿ ಮುಷ್ಟಿ ಗಾತ್ರ ದಾಟಿದ ಮೇಲೆ ಅಣ್ಣ ಹಿಪ್ಪುನೇರಳೆ ಕಡ್ಡಿಯ ಕಟ್ಟು ಹೊತ್ತು ತಂದ. ನನ್ನ ಪಾತಿಯ ಒಂದು ಗಿಡವನ್ನೂ ಕೀಳದೆ, ಅಂಚಿನಿಂದ ಒಂದು ಮಾರು ಜಾಗ ಬಿಟ್ಟು, ಅದರಾಚೆ ನೆಡತೊಡಗಿದ.