ರೆನಾಟಾ ಹುಟ್ಟಿದ ವರ್ಷದ ವೈನ್

ಡ್ರೈ ಕ್ರೀಕ್ ಕಣಿವೆಯಲ್ಲಿ ಇಲ್ಡಾ ಫೆರ್ರಾಂಡೊಳ ಬಸ್ಸು ಹತ್ತದೆ ದೊಡ್ಡವರಾದವರು ಕಡಿಮೆ. ಶಾಲೆಯ ಹಳದಿ ಬಸ್ಸು ಓಡಿಸಿಯೇ ಅರ್ಧ ಆಯುಷ್ಯ ಕಳೆದ ಹೆಂಗಸು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರೆಂಬುದು ತಲೆ ತಿರುಗಿಸದೆಯೇ ಅವಳಿಗೆ ತಿಳಿಯುತ್ತಿತ್ತು. ಮಾತು ಖಾರ, ಕೈ ಧಾರಾಳ. ವೈನ್ ಮಾತ್ರ ಅವಳ ಬಾಬತ್ತಲ್ಲ. ಅದು ಗಂಡ ರೇಮೋನದು. ಅವನೂ ಅವನ ತಮ್ಮ ಆಲ್ಡೋನೂ ಮನೆ ಹಿಂದಿನ ಇಳಿಜಾರಿನ ಹಳೇ ದ್ರಾಕ್ಷಿ ಬಳ್ಳಿಗಳಿಂದ ವರ್ಷವರ್ಷವೂ ಕೆಂಪು ವೈನ್ ಮಾಡುತ್ತಿದ್ದರು. ಇಲ್ಡಾ ಅದನ್ನು ಊಟದ ಜೊತೆ ಕುಡಿದು ಚೆನ್ನಾಗಿದೆ ಎನ್ನುತ್ತಿದ್ದಳು, ಅಲ್ಲಿಗೆ ಅವಳ ಪಾಲಿನ ಕೆಲಸ ಮುಗಿಯಿತು.

ಮೊಮ್ಮಗಳು ರೆನಾಟಾ ಹುಟ್ಟಿದ ವರ್ಷ ರೇಮೋ ಪೀಪಾಯಿಗಳನ್ನು ಜೋಡಿಸುತ್ತಾ ಏಣಿಯಿಂದ ಬಿದ್ದ. ತಲೆಯ ಗಾಯವೇನೋ ಮಾಗಿತು, ಆದರೆ ವಾಸನೆ ಹಿಡಿಯುವ ಶಕ್ತಿ ಹೋದದ್ದು ಹೋಯಿತು. ಕಾಫಿ, ಹೊಗೆ, ಮಗುವಿನ ನೆತ್ತಿ ಯಾವುದೂ ಅವನ ಮೂಗಿಗೆ ತಾಕುತ್ತಿರಲಿಲ್ಲ. ಹೋಗಿ ಹೋಗಿ ಅದೇ ವರ್ಷ ಹೀಗಾಗಬೇಕೆ? ಮೊಮ್ಮಗು ಹುಟ್ಟಿದ ವರ್ಷದ ವೈನನ್ನು ಅಜ್ಜ ಎತ್ತಿಡಬೇಕು, ಆ ಮಗುವಿನ ಮದುವೆಯಲ್ಲಿ ಅದನ್ನು ತೆರೆದು ಮೊದಲ ಗ್ಲಾಸು ಅವಳಿಗೇ ಕೊಡಬೇಕು ಎಂಬುದು ಫೆರ್ರಾಂಡೊ ಮನೆಯ ಪದ್ಧತಿ.

"ನಾಲಿಗೆ ನನ್ನದೇ ಇದೆ. ಮೂಗು ನೀನು ಕೊಡು," ಎಂದ ರೇಮೋ ಹೆಂಡತಿಗೆ.

"ನನ್ನ ಮೂಗಿಗೆ ಗೊತ್ತಿರೋದು ಡೀಸೆಲ್ಲು, ಮಕ್ಕಳ ಸಾಕ್ಸು ಎರಡೇ," ಎಂದಳು ಇಲ್ಡಾ. ಆದರೂ ಹೋದಳು.

ಸೆಪ್ಟೆಂಬರಿನಲ್ಲಿ ಹಣ್ಣು ತೊಟ್ಟಿಗೆ ಬಿತ್ತು. ಸಿಪ್ಪೆ, ಬೀಜಗಳನ್ನು ರಸದಲ್ಲೇ ಎಷ್ಟು ದಿನ ಬಿಟ್ಟು ಆಮೇಲೆ ಹಿಂಡುತ್ತೀರಿ ಎಂಬುದರ ಮೇಲೆ ವೈನಿನ ಹಣೆಬರಹ ನಿಂತಿದೆ. ಬಿಟ್ಟಷ್ಟೂ ಒಗರು; ಹಸಿ ವಾಸನೆ ಹೋಗುವ ಮೊದಲೇ ಹಿಂಡುವಂತೆಯೂ ಇಲ್ಲ. ದಿನಾ ಸಂಜೆ ಇಲ್ಡಾ ಬಸ್ಸು ನಿಲ್ಲಿಸಿ, ಹಿತ್ತಲಿನಲ್ಲಿ ಒಂದಿಷ್ಟು ಕೆಲಸ ಮುಗಿಸಿ, ತೊಟ್ಟಿಯ ಕೋಣೆಗೆ ಇಳಿಯುತ್ತಿದ್ದಳು. ರೇಮೋ ಗ್ಲಾಸಿನಲ್ಲಿ ರಸ ಹಿಡಿದು ಕೊಡುತ್ತಿದ್ದ.

"ಮೂಸು ನೋಡು. ಏನು ಬರತ್ತೆ?"

"ಹಸಿ ಎಲೆ ವಾಸನೆ. ಇವತ್ತೂ ಹೋಗಿಲ್ಲ."

"ಹಂಗಾದ್ರೆ ಇರ್ಲಿ. ನಾಳೆ ನೋಡೋಣ."

ಆಮೇಲೆ ಇಬ್ಬರೂ ಹಣ್ಣಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತು ಮಾತಾಡುತ್ತಿದ್ದರು. ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು, ಮಗು ಯಾರ ಕಡೆ ನೋಡಿ ನಕ್ಕಿತು, ಇಂಥವೇ. ಕಣಿವೆಯವರೆಲ್ಲ ಹಿಂಡಿ ಮುಗಿಸಿದ್ದರು. ಬಳ್ಳಿಯ ಎಲೆಗಳೂ ಕೆಂಪಾದವು. ಇವರ ತೊಟ್ಟಿ ಮಾತ್ರ ಹಾಗೇ ಇತ್ತು. ಕೊನೆಗೆ ಮೊದಲ ಮಂಜು ಬಿದ್ದ ವಾರ ಹಿಂಡಿದರು.

ಆ ವೈನು ಪೀಪಾಯಿಯಿಂದ ಬಾಟಲಿಗೆ ಇಳಿಯುವುದನ್ನು ನೋಡಿಕೊಂಡೇ ರೇಮೋ ಹೋದ. ಹೃದಯ ನಿಂತಿತು.

ಅವನು ಹೋದ ವರ್ಷದ ಶರತ್ಕಾಲದಲ್ಲಿ ಇಲ್ಡಾ ಹಿತ್ತಲಿನಲ್ಲಿ ಟೊಮೇಟೊ ಕೀಳುತ್ತಿದ್ದಳು. ಮುಖದ ಬೆವರು ಒರೆಸಲು ಕೈ ಎತ್ತಿದಾಗ ತೊಟ್ಟಿಯ ಕೋಣೆಯ ಆ ಹಸಿ ಎಲೆ ವಾಸನೆ ಮೂಗಿಗೆ ಹೊಡೆಯಿತು. ದಿನಾ ಸಂಜೆ ಇದೇ ಟೊಮೇಟೊ ಗಿಡಗಳಲ್ಲಿ ಕೈಯಾಡಿಸಿ ಅವಳು ಗ್ಲಾಸು ಹಿಡಿದಿದ್ದಳು. ವಾಸನೆ ವೈನಿನದಾಗಿರಲಿಲ್ಲ, ಅವಳ ಬೆರಳುಗಳದು. ಗಂಡ ನಂಬಿ ಕೊಟ್ಟ ಒಂದೇ ಒಂದು ಕೆಲಸವನ್ನು ಕೆಡಿಸಿದ್ದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ರೆನಾಟಾ ಶಾಲೆಗೆ ಸೇರಿದ ವರ್ಷ, ಆ ವೈನು ಹೇಗಿದೆ ನೋಡೋಣವೆಂದು ಆಲ್ಡೋ ಒಂದು ಬಾಟಲಿ ತೆರೆದ. ಬಾಯೆಲ್ಲ ಒಗರು. "ಚಹಾ ಸೊಪ್ಪು ಅಗಿದ ಹಾಗಿದೆ," ಎಂದು ಮುಖ ಸಿಂಡರಿಸಿದ. ಹುಡುಗಿ ಎತ್ತರವಾಗುವ ಹೊತ್ತಿಗೆ ಮತ್ತೊಂದು ತೆರೆದರು. ಒಗರು ಹಾಗೇ ಇತ್ತು, ಮೇಲೆ ವಾಸನೆಯೇ ಇರಲಿಲ್ಲ. ಗುಮ್ಮನೆ ಕೂತುಬಿಟ್ಟಿತ್ತು.

"ಕೆಲವು ವೈನು ನಡುವೆ ಹಿಂಗೆ ಮುನಿಸ್ಕೋತವೆ ಇಲ್ಡಾ," ಎಂದ ಆಲ್ಡೋ. "ಬಿಡು, ತಾನಾಗೇ ಬಾಯಿ ಬಿಡತ್ತೆ."

ಇಲ್ಡಾ ನಂಬಲಿಲ್ಲ. ಅಲ್ಲಿಂದ ಮುಂದೆ ಆ ಬಾಟಲಿಗಳನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ.

ವರ್ಷಗಳು ಉರುಳಿ ರೆನಾಟಾಳ ಮದುವೆ ಗೊತ್ತಾಯಿತು. ಅವಳು ಬಂದು ತನ್ನ 'ನೊನ್ನಾ'ಳನ್ನು, ಅಂದರೆ ಅಜ್ಜಿಯನ್ನು, ಕೇಳಿದ್ದೇ ಆ ವೈನನ್ನು.

"ಬೇಡ ಕಣೇ," ಎಂದಳು ಇಲ್ಡಾ. "ಒಳ್ಳೇದು ನೋಡಿ ಅಂಗಡಿಯಿಂದ ತರೋಣ."

"ನೊನ್ನಾ, ಅದು ತಾತ ನಂಗೇಂತ ಮಾಡಿದ್ದು. ವಿನೆಗರ್ ಆಗಿದ್ರೂ ಅದನ್ನೇ ಕುಡೀತೀನಿ."

"ಹಂಗಾದ್ರೆ ಸೊಪ್ಪಿನ ಮೇಲೆ ಸುರ್ಕೊಂಡು ತಿನ್ನು," ಎಂದು ಅಜ್ಜಿ ರೇಗಿದಳು. ಆದರೆ ಹುಡುಗಿ ಫೆರ್ರಾಂಡೊ ಮನೆಯದು, ಜಗ್ಗಲಿಲ್ಲ. ಇಲ್ಡಾಗೆ ಆ ವಾರವಿಡೀ ಊಟ ಸೇರಲಿಲ್ಲ. ರೇಮೋನ ಹೆಸರಿನಲ್ಲಿ ತನ್ನ ತಪ್ಪನ್ನು ಊರೆಲ್ಲ ಕುಡಿಯುತ್ತದಲ್ಲ ಎಂಬ ಸಂಕಟ.

ಮದುವೆಯ ಮಧ್ಯಾಹ್ನ ವಾಲ್ನಟ್ ಮರದ ಕೆಳಗೆ ಉದ್ದದ ಮೇಜು ಹಾಕಿದ್ದರು. ಗಸಿ ತಳಕ್ಕೆ ಇಳಿಯಲೆಂದು ಆಲ್ಡೋ ಬಾಟಲಿಗಳನ್ನು ಮೊದಲೇ ನೇರವಾಗಿ ನಿಲ್ಲಿಸಿದ್ದ. ಈಗ ಪುಡಿಪುಡಿಯಾಗುತ್ತಿದ್ದ ಬಿರಡೆಯನ್ನು ಉಸಿರು ಬಿಗಿಹಿಡಿದು ತೆಗೆದು, ವೈನನ್ನು ಹೂಜಿಗೆ ಮೆಲ್ಲಗೆ ಬಗ್ಗಿಸಿದ. ಶಾಯಿಯಂತೆ ಕಪ್ಪಗಿದ್ದದ್ದು ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಇಲ್ಡಾ ಬಗ್ಗಿ ಮೂಸಿದಳು. ಮುಗ್ಗಲು.

"ಚೆಲ್ಲಿಬಿಡು ಆಲ್ಡೋ."

"ಸುಮ್ನಿರು. ಇಷ್ಟು ವರ್ಷ ಬಾಗಿಲು ಹಾಕಿದ್ದ ಕೋಣೆ. ಸ್ವಲ್ಪ ಗಾಳಿ ಆಡ್ಲಿ."

ರವಿಯೋಲಿ ಕಡುಬಿನ ತಟ್ಟೆಗಳು ಮೇಜು ಸುತ್ತಿ ಬರುವ ಹೊತ್ತಿಗೆ ರೆನಾಟಾ ತನ್ನ ಗ್ಲಾಸು ಎತ್ತಿ ಕುಡಿದಳು. ಗ್ಲಾಸನ್ನು ಅಜ್ಜಿಯ ಕೈಗಿಟ್ಟು, "ಮೂಸಿ ನೋಡು ನೊನ್ನಾ," ಎಂದಳು.

ಮುಗ್ಗಲು ಹಾರಿಹೋಗಿತ್ತು. ಒಣ ಅಂಜೂರ, ಕರಿಮೆಣಸು, ಹಳೇ ಮರದ ಪೆಟ್ಟಿಗೆ, ಇನ್ನೂ ಏನೇನೋ ಒಂದರ ಹಿಂದೊಂದು ಬಂದವು. ನಾಲಿಗೆಯ ಮೇಲೆ ಆ ಒಗರು ಕರಗಿ ನಯವಾಗಿತ್ತು. ಇಲ್ಡಾಳ ಕಣ್ಣು ತುಂಬಿದವು. ತಡೆಯಲಾಗದೆ ಟೊಮೇಟೊ ಕೈಯ ಕತೆಯನ್ನೆಲ್ಲ ಆ ಮೇಜಿನ ಮುಂದೆಯೇ ಹೇಳಿಬಿಟ್ಟಳು. ಜನ ಹೊಟ್ಟೆ ಹಿಡಿದು ನಕ್ಕರು. ಆಲ್ಡೋ ನಗಲಿಲ್ಲ.

"ಅದು ನಂಗೆ ಆವಾಗ್ಲೇ ಗೊತ್ತಿತ್ತು," ಎಂದ. "ಕೋಣೆ ಬಾಗಿಲಿಗೇ ಬರ್ತಿತ್ತು ನಿನ್ನ ಕೈ ವಾಸನೆ. ರೇಮೋಗೆ ಹೇಳ್ದೆ, ಇನ್ನು ಹಿಂಡೋಣ ಅಂತ."

"ಅವನೇನಂದ?"

"'ಹದ ಬಂದು ಎಷ್ಟೋ ದಿನ ಆಯ್ತು, ನನ್ನ ನಾಲಿಗೆಗೆ ಗೊತ್ತಾಗಲ್ವಾ? ಒಗರಾದ್ರೆ ಆಗ್ಲಿ, ಮಗು ಮದುವೆವರೆಗೂ ಬಾಳತ್ತೆ. ಹಿಂಡಿಬಿಟ್ರೆ ನಾಳೆಯಿಂದ ಅವಳು ಇಲ್ಲಿ ಬಂದು ಕೂರಲ್ಲ ಕಣೋ' ಅಂದ. ನಿಂಗೆ ಹೇಳ್ಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡ. ಹೇಳಿದ್ರೆ ಕೈ ತೊಳ್ಕೊಂಡು ಬಂದ್ಬಿಡ್ತೀಯಂತೆ."

ಇಲ್ಡಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಂದು ಗುಟುಕು ಕುಡಿದಳು. ತಾನು ಕೆಡಿಸಿದೆ ಎಂದುಕೊಂಡಿದ್ದ ಆ ಸಂಜೆಗಳನ್ನು ಅವನು ಬೇಕೆಂದೇ ಒಂದೊಂದಾಗಿ ಉಳಿಸಿಕೊಂಡಿದ್ದ. ಅವನಿಗೆ ಅಷ್ಟು ಬೇಕಾಗಿದ್ದೆನೇ ನಾನು ಎಂದು ಅವಳ ಎದೆ ತುಂಬಿ ಬಂತು. ದೇವರೇ, ಎಂಥವನನ್ನು ಕೊಟ್ಟಿದ್ದೆಯಪ್ಪ ಎಂದುಕೊಂಡಳು.

ರೆನಾಟಾ ಗ್ಲಾಸಿಗಾಗಿ ಕೈ ಚಾಚಿದಳು.

"ಹೋಗೇ, ನಿಂಗೆ ಬೇರೆ ಬಗ್ಗಿಸ್ಕೋ," ಎಂದಳು ಇಲ್ಡಾ. "ಇದು ನಂದು."